ಗಡಿಬಿಡಿ ನಿಜ ಹೇಳಿದಳು

"ಎರಡು ದಿನ ಬಯಲಲ್ಲಿ ನಿಂತ್ಕೊಂಡು ಮೋಟರ್ ಸದ್ದು ಕೇಳೋಕೆ ಟಿಕೆಟ್ ಬೇರೆ ತಗೊಂಡಿದ್ದೀಯಾ?" ಎಂದು ಅಪ್ಪ ಕೇಳಿದ.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಎಲೆಕ್ಟ್ರಾನಿಕ್ ಸಂಗೀತ ಎಂದರೆ ಅವನ ಕಿವಿಗೆ ಬೇರಿಂಗ್ ಸವೆದ ಮೋಟರಿನ ಗೋಳು. ಮಗಳು ಫೋನಿನಲ್ಲಿ ಆ ಹಾಡು ಹಾಕಿದಾಗಲೆಲ್ಲ, "ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಡೇ, ಸರಿಹೋಗುತ್ತೆ" ಅನ್ನುತ್ತಿದ್ದ.

ಮಗಳಿಗೆ ಇಪ್ಪತ್ಮೂರು ವರ್ಷ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವುದು ಅವಳ ಕೆಲಸ. ಅಲ್ಲಿ ಅವಳ ಕೈ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮನೆಯಲ್ಲಿ ಮಾತ್ರ ಒಂದು ಕಾಲಿಗೆ ನೀಲಿ ಚಪ್ಪಲಿ, ಇನ್ನೊಂದಕ್ಕೆ ಕಪ್ಪು ಚಪ್ಪಲಿ ಹಾಕಿಕೊಂಡು ಓಡುವವಳು. ಹಾಗಾಗಿ ಮನೆಯವರಿಗೂ ನೆರೆಯವರಿಗೂ ಅವಳು ‘ಗಡಿಬಿಡಿ’.

ಊರಿನ ಹೊರಗಿನ ದೊಡ್ಡ ಬಯಲಿನಲ್ಲಿ ಶನಿವಾರ, ಭಾನುವಾರ ಎರಡು ದಿನದ ಸಂಗೀತ ಉತ್ಸವವಿತ್ತು. ಗಡಿಬಿಡಿಯ ಜೊತೆ ಅವಳ ಅಂಗಡಿಯ ಗೆಳತಿಯೂ ಹೊರಟಿದ್ದಳು. ಆ ಹುಡುಗಿ ಮೇಲಿನ ಕಪಾಟಿನ ಪೆಟ್ಟಿಗೆಯನ್ನು ಸ್ಟೂಲ್ ಇಲ್ಲದೆ ತೆಗೆಯುವಷ್ಟು ಎತ್ತರ. ಎಲ್ಲರೂ ಅವಳನ್ನು ‘ಏಣಿ’ ಎಂದೇ ಕರೆಯುತ್ತಿದ್ದರು. ಜೊತೆಗೆ ಏಣಿಯ ಚಿಕ್ಕಪ್ಪನ ಮಗ, ಮೊಬೈಲ್ ಅಂಗಡಿಯವನು. ವಯಸ್ಸಿನಲ್ಲಿ ಇಬ್ಬರಿಗಿಂತಲೂ ದೊಡ್ಡವನು.

"ಅಲ್ಲಿ ಏನೇನೋ ಕುಡೀತಾರಂತೆ, ಏನೇನೋ ನುಂಗ್ತಾರಂತೆ. ನಾನೂ ಪೇಪರ್ ಓದ್ತೀನಿ" ಎಂದ ಅಪ್ಪ.

"ನಾನು ಹೋಗೋದು ಕೇಳೋಕಪ್ಪಾ, ನುಂಗೋಕಲ್ಲ."

"ಹೋಗೋರೆಲ್ಲ ಹಾಗೇ ಹೇಳಿ ಹೋಗ್ತಾರೆ."

ಗಡಿಬಿಡಿ ಮುಖ ಊದಿಸಿಕೊಂಡಳು. ಭಾನುವಾರ ಇಳಿಹೊತ್ತಿನ ಕಾರ್ಯಕ್ರಮ ಅವಳ ಮೆಚ್ಚಿನ ಕಲಾವಿದೆಯದು. ಎರಡು ವರ್ಷದಿಂದ ಅವಳು ಕಾದಿದ್ದದ್ದು ಅದಕ್ಕೇ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಮ್ಮ ಹಳೆ ಪ್ಯಾಂಟುಗಳ ಝಿಪ್ಪು ಬದಲಿಸಿ ಕೊಡುವವಳು. ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳಿದಳು: "ಬೇಡ ಅಂತೀರಿ, ಸರಿ. ನಾಳೆ ಇವಳು ಗೆಳತಿ ಮನೆಗೆ ಅಂತ ಸುಳ್ಳು ಹೇಳಿ ಹೋಗ್ತಾಳೆ. ಸುಳ್ಳು ಹೇಳಿ ಹೋದವರಿಗೆ ಅಲ್ಲಿ ಏನಾದ್ರೂ ಆದ್ರೆ ಮನೆಗೆ ಫೋನ್ ಮಾಡೋಕೆ ಮುಖ ಇರುತ್ತಾ?"

ಅಮ್ಮ ಎದ್ದು ಮೆಟ್ಟಿಲ ಹತ್ತಿರ ಹೋಗಿ ಮೇಲಿನ ಮನೆಯವಳನ್ನು ಕೂಗಿದಳು.

ಮೇಲಿನ ಮನೆಯಲ್ಲಿದ್ದದ್ದು ಆಂಬ್ಯುಲೆನ್ಸ್ ಅಕ್ಕ. ಹದಿನಾಲ್ಕು ವರ್ಷದಿಂದ ಆಂಬ್ಯುಲೆನ್ಸಿನಲ್ಲಿ ರೋಗಿಗಳ ಪಕ್ಕ ಕೂತು ಆಸ್ಪತ್ರೆ ತಲುಪಿಸುವವಳು. ಇಂಥ ಉತ್ಸವಗಳಿಗೂ ಅವಳನ್ನು ಡ್ಯೂಟಿಗೆ ಹಾಕುತ್ತಿದ್ದರು. ಈ ಸಲವೂ ಹಾಕಿದ್ದರು. ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಳು.

"ಅಕ್ಕಾ, ನೀನೇ ಹೇಳಮ್ಮ. ಕಳಿಸಬಹುದಾ?" ಎಂದ ಅಪ್ಪ.

"ಕಳಿಸಬಹುದು, ಅಣ್ಣ. ಕೆಲವು ವಿಷಯ ಗೊತ್ತಿದ್ರೆ" ಎಂದು ಅಕ್ಕ ಕುರ್ಚಿ ಎಳೆದುಕೊಂಡಳು. "ನಮ್ಮ ಚಿಕಿತ್ಸೆ ಟೆಂಟಿಗೆ ಬರೋರಲ್ಲಿ ಹೆಚ್ಚಿನವರು ಊಟ ಬಿಟ್ಟು, ನಿದ್ದೆ ಬಿಟ್ಟು, ಬಿಸಿಲಲ್ಲಿ ಕುಣಿದು ಬೀಳೋರು. ತಲೆ ಮೇಲೆ ಟೋಪಿ ಇರಲಿ. ನೀರು ಗುಟುಕು ಗುಟುಕಾಗಿ ಕುಡೀತಾ ಇರಬೇಕು. ಒಂದೇ ಸಲಕ್ಕೆ ಕೊಡಗಟ್ಟಲೆ ಕುಡಿಯೋದೂ ಒಳ್ಳೇದಲ್ಲ. ಹೊಟ್ಟೆಗೆ ಏನಾದ್ರೂ ಉಪ್ಪಿರೋದು ಬೀಳಬೇಕು. ಗಂಟೆಗೊಂದು ಸಲ ನೆರಳಿಗೆ ಬರಬೇಕು."

"ಕಿವಿ?" ಎಂದಳು ಅಮ್ಮ.

"ಹ್ಞಾಂ, ಕಿವಿಗೆ ಸ್ಪಂಜಿನ ಬಿರಡೆ ಸಿಗುತ್ತೆ, ಔಷಧಿ ಅಂಗಡೀಲಿ. ಹಾಕ್ಕೊಂಡ್ರೂ ಹಾಡು ಚೆನ್ನಾಗೇ ಕೇಳುತ್ತೆ. ಸ್ಪೀಕರಿಗೆ ಅಂಟಿಕೊಂಡು ನಿಲ್ಲಬೇಡ. ಕಿವಿ ಗುಂಯ್ ಅಂದ್ರೆ, ಅದು ಸಾಕು ಅಂತ ಹೇಳ್ತಿದೆ ಅಂತ ತಿಳ್ಕೋ."

"ಮತ್ತೆ ಆ ಮಾತ್ರೆ ಗೀತ್ರೆ?" ಅಪ್ಪ ಬಿಡಲಿಲ್ಲ.

"ಯಾರು ಕೊಟ್ರೂ ಬೇಡ. ಒಳಗೇನಿದೆ ಅಂತ ಕೊಟ್ಟೋನಿಗೂ ಗೊತ್ತಿರಲ್ಲ. ಆದ್ರೆ ಅಣ್ಣ, ಯಾರಾದ್ರೂ ತಗೊಂಡೇ ಬಿಟ್ಟಿದ್ರೆ ನಮ್ಮ ಹತ್ರ ನಿಜ ಹೇಳಬೇಕು. ಎಷ್ಟೋ ಜನ ಹೆದರಿ ಮುಚ್ಚಿಡ್ತಾರೆ. ಗೆಳೆಯನ್ನ ಟೆಂಟಲ್ಲಿ ಮಲಗಿಸಿ, ನಿದ್ದೆ ಮಾಡಿದ್ರೆ ಇಳಿಯುತ್ತೆ ಅಂತ ಕೂತಿರ್ತಾರೆ. ನಾವು ಹೋಗೋ ಹೊತ್ತಿಗೆ..."

"ಹೇಳಿದ್ರೆ ಹಿಡ್ಕೊಂಡು ಹೋಗಲ್ವಾ?" ಎಂದ ಅಪ್ಪ.

"ನನ್ನ ಪೆಟ್ಟಿಗೇಲಿ ಸ್ಟೆಥೋಸ್ಕೋಪ್ ಇದೆ, ಕೈಕೋಳ ಇಲ್ಲ. ಏನು ತಗೊಂಡ್ರು, ಎಷ್ಟೊತ್ತಿಗೆ ತಗೊಂಡ್ರು, ಇಷ್ಟು ನನಗೆ ಬೇಕು. ಚಿಕಿತ್ಸೆ ಮಾಡೋಕೆ."

ಅಪ್ಪನ ಕೆಲಸದಲ್ಲಿ ಒಂದು ನಿಯಮವಿದೆ. ಲಿಫ್ಟಿನ ಬಾವಿಯೊಳಗೆ ಒಬ್ಬರೇ ಇಳಿಯುವಂತಿಲ್ಲ, ಇಳಿಯುವುದನ್ನು ಮೇಲಿರುವವನಿಗೆ ಹೇಳದೆ ಇಳಿಯುವಂತಿಲ್ಲ.

"ಒಬ್ಬಳೇ ಎಲ್ಲಿಗೂ ಹೋಗಬಾರದು" ಎಂದ ಮಗಳಿಗೆ. "ಬೆಳಿಗ್ಗೆ ಒಂದು, ಸಂಜೆ ಒಂದು ಮೆಸೇಜ್. ತಪ್ಪಿದ್ರೆ ನಾನೇ ಬಂದು ಸ್ಟೇಜ್ ಹತ್ತಿ ನಿನ್ನ ಹೆಸರು ಕೂಗ್ತೀನಿ."

"ಅಯ್ಯೋ, ಖಂಡಿತ ತಪ್ಪಿಸಲ್ಲಪ್ಪಾ!"

*

ಶನಿವಾರ ಅವಳ ಬದುಕಿನಲ್ಲೇ ಅತಿ ಸಂತೋಷದ ದಿನಗಳಲ್ಲೊಂದಾಯಿತು.

ಬಯಲು ತುಂಬ ಜನ. ಮಧ್ಯಾಹ್ನ ಕಳೆದ ಮೇಲೆ ವೇದಿಕೆಗೆ ಒಬ್ಬ ಹೆಂಗಸು ಬಂದಳು. ಮುಂದೆ ಒಂದು ಮೇಜು, ಮೇಜಿನ ಮೇಲೆ ಗುಂಡಿಗಳು, ಸಿಕ್ಕು ಬಿದ್ದ ವೈರುಗಳು. ಮೊದಲು ಕೇಳಿದ್ದು ನಲ್ಲಿಯಿಂದ ಹನಿ ಬಿದ್ದಂಥ ಒಂದು ಸದ್ದು. ಆ ಹನಿಗೆ ಇನ್ನೊಂದು ಸೇರಿತು, ಅದರ ಕೆಳಗೆ ಒಂದು ಗುಡುಗು ಹುಟ್ಟಿತು. ಹತ್ತು ನಿಮಿಷದಲ್ಲಿ ಗಡಿಬಿಡಿಯ ಪಕ್ಕೆಲುಬುಗಳೇ ಹಾಡುತ್ತಿದ್ದವು. ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು ಗಾಜಿನ ಅಂಚು ನೋಡುವವಳು, ಅಂದು ಏನನ್ನೂ ನೋಡದೆ ಕಣ್ಣು ಮುಚ್ಚಿ ಕುಣಿದಳು. ಕೆನ್ನೆ ಯಾಕೆ ಒದ್ದೆಯಾಗಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಪಕ್ಕದಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಒಂದೇ ಛತ್ರಿಯ ಕೆಳಗೆ ಕುಣಿಯುತ್ತಿದ್ದರು. ಇಬ್ಬರ ಕಿವಿಯಲ್ಲೂ ಬಿರಡೆ. ಹೆಂಡತಿ ಗಡಿಬಿಡಿಯ ಕಿವಿಯ ಬಿರಡೆಯನ್ನು ನೋಡಿ ಕಣ್ಣು ಮಿಟುಕಿಸಿ, "ಜಾಣೆ!" ಎಂದು ಬಾಯಿ ಅಲ್ಲಾಡಿಸಿದಳು.

ಸಂಜೆ ಅವಳು ಮನೆಗೆ ಮೆಸೇಜ್ ಕಳಿಸಿದಳು: "ಊಟ ಆಯ್ತು. ನೀರು ಕುಡಿದೆ. ಅಪ್ಪಾ, ಇದು ಎಣ್ಣೆ ಬಿಟ್ಟ ಮೋಟರ್."

ಕಷ್ಟಗಳೂ ಇದ್ದವು, ಸುಳ್ಳೇಕೆ ಹೇಳಬೇಕು? ಶೌಚಾಲಯದ ಸಾಲು ಮುಕ್ಕಾಲು ಗಂಟೆ. ಹೊಸ ಶೂ ಹಿಮ್ಮಡಿ ಕಡಿಯಿತು. ರಾತ್ರಿ ಬಯಲಂಚಿನಲ್ಲಿ ಟೆಂಟ್ ಹಾಕಿ ಮಲಗಿದರೆ, ಪಕ್ಕದ ಟೆಂಟಿನವರು ಬೆಳಗಿನವರೆಗೂ ನಗುತ್ತಿದ್ದರು. ಗಡಿಬಿಡಿ ಬಿರಡೆ ಹಾಕಿಕೊಂಡೇ ನಿದ್ದೆ ಹೋದಳು. ಏಣಿಗೆ ಮಾತ್ರ ರೆಪ್ಪೆ ಕೂಡಲಿಲ್ಲ. ಮೊಬೈಲ್ ಅಂಗಡಿಯ ಅಣ್ಣನಿಗೆ ಎಡಗಿವಿ ಗುಂಯ್ ಎನ್ನುತ್ತಿತ್ತು. ಅವನು ಬಿರಡೆಯನ್ನು "ಮುದುಕರ ಸಾಮಾನು" ಎಂದು ನಕ್ಕು ಬಿಟ್ಟುಬಂದಿದ್ದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಟೆಂಟಿನೊಳಗೆ ಇರಲಾಗದಷ್ಟು ಸೆಕೆ. ಏಣಿ ಏನೂ ತಿನ್ನಲಿಲ್ಲ. "ನಿದ್ದೆಗೆಟ್ಟರೆ ನನಗೆ ಊಟ ಸೇರಲ್ಲ ಕಣೇ" ಎಂದಳು. ಗಡಿಬಿಡಿ ಬ್ರೆಡ್ ತರಲು ಸಾಲಿನಲ್ಲಿ ನಿಂತಳು. ತಿರುಗಿ ಬಂದಾಗ ಏಣಿ ಎಲ್ಲರಿಗಿಂತ ಮುಂದೆ ಕುಣಿಯುತ್ತಿದ್ದಳು. ಇದ್ದಕ್ಕಿದ್ದಂತೆ ಅವಳಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಗಡಿಬಿಡಿಗೆ ಆಶ್ಚರ್ಯವಾಯಿತು. ಬ್ರೆಡ್ಡನ್ನು ಏಣಿ ಕೈಯಿಂದ ತಳ್ಳಿದಳು, ನೆರಳಿಗೆ ಬಾ ಎಂದರೆ ನಕ್ಕಳು.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಆ ನಗು ಬೇರೆಯಾಯಿತು. ಏಣಿ ಯಾರೂ ಏನೂ ಹೇಳದೆಯೇ ನಗುತ್ತಿದ್ದಳು. ಆಮೇಲೆ ಸಿಟ್ಟಾದಳು. ಆಮೇಲೆ ಗಡಿಬಿಡಿಯ ತೋಳು ಹಿಡಿದು, "ಅಮ್ಮಾ, ಅಂಗಡಿ ಬಾಗಿಲು ಯಾರು ಹಾಕಿದ್ರು?" ಎಂದಳು.

ಗಡಿಬಿಡಿ ಏಣಿಯ ಹಣೆ ಮುಟ್ಟಿದಳು. ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತಿತ್ತು. ಮರುಕ್ಷಣ ಏಣಿ ಕುಸಿದುಬಿದ್ದಳು.

ಗಡಿಬಿಡಿಯೂ ಮೊಬೈಲ್ ಅಂಗಡಿಯ ಅಣ್ಣನೂ ಸೇರಿ ಅವಳನ್ನು ನೀರು ಮಾರುವ ಗಾಡಿಯ ನೆರಳಿಗೆ ಎಳೆದು ತಂದರು.

"ನಮ್ಮ ಟೆಂಟಿಗೆ ಕರ್ಕೊಂಡು ಹೋಗೋಣ" ಎಂದ ಅಣ್ಣ. ಅವನ ತುಟಿ ಬೆಳ್ಳಗಾಗಿತ್ತು. "ಮಲಗಿದ್ರೆ ಸರಿ ಹೋಗ್ತಾಳೆ."

ನಿದ್ದೆ ಮಾಡಿದರೆ ಇಳಿಯುತ್ತೆ ಎಂದು ಕೂತಿರುತ್ತಾರೆ. ಅಕ್ಕ ಹೇಳಿದ ಮಾತು ಗಡಿಬಿಡಿಯ ಕಿವಿಯಲ್ಲೇ ಇತ್ತು.

"ಏನು ತಗೊಂಡ್ಲು?"

"ಏನೂ ಇಲ್ಲ."

"ಅಣ್ಣಾ, ನನ್ನ ಮುಖ ನೋಡಿ ಹೇಳು. ಏನು ತಗೊಂಡ್ಲು?"

ಅವನು ನೆಲ ನೋಡಿದ. "ಮಾತ್ರೆ. ಯಾರೋ ಒಬ್ಬ ಕೊಟ್ಟ, ನಿದ್ದೆ ಬರಲ್ಲ, ಲವಲವಿಕೆ ಇರುತ್ತೆ ಅಂದ. ಹನ್ನೊಂದಕ್ಕೆ ಅರ್ಧ ತಗೊಂಡ್ಲು. ಒಂದೂವರೆಗೆ ಇನ್ನರ್ಧ. ನಾನು ಬೇಡ ಅನ್ನಬೇಕಿತ್ತು..." ಅಷ್ಟರಲ್ಲಿ ಗಡಿಬಿಡಿ ಎದ್ದು ನಿಂತಿದ್ದಳು. ಅವನು ಅವಳ ಕೈ ಹಿಡಿದ. "ಯಾರಿಗೂ ಹೇಳಬೇಡ ಕಣೇ. ಗೊತ್ತಾದ್ರೆ ದೊಡ್ಡಪ್ಪ ನನ್ನ ಚರ್ಮ ಸುಲೀತಾರೆ. ನಿಮ್ಮಪ್ಪ ನಿನ್ನ ಮತ್ತೆ ಮನೆ ಹೊಸಿಲು ದಾಟೋಕೆ ಬಿಡ್ತಾರಾ?"

ಆ ಮಾತು ಅವಳಿಗೆ ನಾಟದೆ ಇರಲಿಲ್ಲ. ಚಿಕಿತ್ಸೆಯ ಟೆಂಟಿನಲ್ಲಿರುವುದು ಆಂಬ್ಯುಲೆನ್ಸ್ ಅಕ್ಕ. ಅಕ್ಕನಿಗೆ ಗೊತ್ತಾದರೆ ಇವತ್ತಲ್ಲ ನಾಳೆ ಅಪ್ಪನಿಗೂ ಗೊತ್ತಾಗುತ್ತದೆ. ಒಂದು ಕ್ಷಣ ಅವಳು ನಿಂತಲ್ಲೇ ನಿಂತಳು.

ಏಣಿ ನೆಲದ ಮೇಲೆ ತಲೆಯನ್ನು ಅತ್ತಿತ್ತ ಹೊರಳಿಸಿ ನರಳಿದಳು.

ಗಡಿಬಿಡಿ ಕೈ ಕೊಡವಿಕೊಂಡಳು. "ಇವಳನ್ನ ಒಂದು ಪಕ್ಕಕ್ಕೆ ಹೊರಳಿಸಿ ಹಿಡ್ಕೋ. ಬಾಟಲಿ ನೀರು ಮೈ ಮೇಲೆ ಸುರಿ, ಬಾಯಿಗೆ ಹಾಕಬೇಡ. ಬೀಸ್ತಾ ಇರು" ಎಂದವಳೇ ಪಕ್ಕದ ನೀರಿನ ಕ್ರೇಟಿನ ಮೇಲೆ ಹತ್ತಿದಳು. ಕೂಗಿದರೆ ಯಾರಿಗೆ ಕೇಳಬೇಕು? ಹೆಗಲ ಮೇಲಿದ್ದ ಬಿಳಿ ಟವೆಲನ್ನು ತಲೆಯ ಮೇಲೆ ಎತ್ತಿ ಗಿರಗಿರ ಬೀಸಿದಳು. ದೂರದಲ್ಲಿದ್ದ ಹಳದಿ ಜಾಕೆಟ್ಟಿನ ಸ್ವಯಂಸೇವಕಿ ಮೊದಲು ಅದನ್ನು ಕುಣಿತ ಎಂದುಕೊಂಡು ಕೈ ಬೀಸಿದಳು. ಗಡಿಬಿಡಿ ಟವೆಲಿನಿಂದ ನೆಲದ ಕಡೆ ತೋರಿಸಿದಳು, ಮತ್ತೆ ಮತ್ತೆ. ಆಗ ಹಳದಿ ಜಾಕೆಟ್ಟು ಓಡಿ ಬಂತು. ಗುರುತು ಪರಿಚಯವಿಲ್ಲದ ಜನ ಕುಣಿತ ಬಿಟ್ಟು ಕೈಕೈ ಹಿಡಿದು ದಾರಿ ಬಿಡಿಸಿದರು. ಸ್ಟ್ರೆಚರ್ ಬಂತು.

ಚಿಕಿತ್ಸೆಯ ಟೆಂಟಿನಲ್ಲಿ ಆಂಬ್ಯುಲೆನ್ಸ್ ಅಕ್ಕ ಕೈಗವಸು ಹಾಕಿಕೊಂಡು ನಿಂತಿದ್ದಳು. ಗಡಿಬಿಡಿಯನ್ನು ನೋಡಿದಳು, ಏಣಿಯನ್ನು ನೋಡಿದಳು. "ಏನು ತಗೊಂಡಿದ್ದಾಳೆ?"

"ಏನಿಲ್ಲ, ಬಿಸಿಲು" ಎಂದ ಅಣ್ಣ.

"ಸುಳ್ಳು" ಎಂದಳು ಗಡಿಬಿಡಿ. ಅವಳ ದನಿ ನಡುಗಿತು, ಆದರೆ ಮಾತು ಒಂದೂ ತಪ್ಪಲಿಲ್ಲ. "ಮಾತ್ರೆ. ಏನು ಅಂತ ಗೊತ್ತಿಲ್ಲ. ಹನ್ನೊಂದಕ್ಕೆ ಅರ್ಧ, ಒಂದೂವರೆಗೆ ಅರ್ಧ. ಬೆಳಿಗ್ಗೆಯಿಂದ ಊಟ ಇಲ್ಲ. ರಾತ್ರಿ ನಿದ್ದೆ ಇಲ್ಲ. ಎರಡೂವರೆಯಿಂದ ಏನೇನೋ ಮಾತಾಡ್ತಿದ್ಲು."

ಅಕ್ಕನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ಸರಿ" ಎಂದಳು, ಅಷ್ಟೇ. ಕಂಕುಳಿಗೆ, ಕತ್ತಿಗೆ, ತೊಡೆಸಂದಿಗೆ ಮಂಜುಗಡ್ಡೆಯ ಚೀಲಗಳು ಬಿದ್ದವು. ಒದ್ದೆ ಬಟ್ಟೆ, ಫ್ಯಾನು. ಜ್ವರ ನೋಡುವ ಯಂತ್ರದಲ್ಲಿ ನಲವತ್ತೊಂದು ಡಿಗ್ರಿ ಸೆಲ್ಸಿಯಸ್ ದಾಟಿತ್ತು, ಅಂದರೆ ಫ್ಯಾರನ್‌ಹೀಟಿನಲ್ಲಿ ನೂರಾ ಐದರ ಮೇಲೆ. ಡಾಕ್ಟರು ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಮೈ ಸ್ವಲ್ಪ ತಣ್ಣಗಾದ ಮೇಲೆ ಏಣಿಯನ್ನು ಆಂಬ್ಯುಲೆನ್ಸಿಗೆ ಏರಿಸಿದರು.

"ಜೊತೆಗೆ ಒಬ್ಬರು ಬರಬಹುದು" ಎಂದಳು ಅಕ್ಕ.

ಗಡಿಬಿಡಿ ಹತ್ತಿ ಕೂತಳು. ಬಯಲಿನ ಗೇಟು ದಾಟುವಾಗ ದೂರದ ವೇದಿಕೆಯಿಂದ ಜನರ ಕೇಕೆ ಎದ್ದಿತು. ಅವಳ ಮೆಚ್ಚಿನ ಕಲಾವಿದೆ ವೇದಿಕೆಗೆ ಬಂದಿದ್ದಳು. ಮೊದಲ ಸ್ವರ ಕೇಳುವಷ್ಟರಲ್ಲಿ ಸೈರನ್ ಶುರುವಾಯಿತು. ಗಡಿಬಿಡಿ ಏಣಿಯ ಕಾಲ್ಬೆರಳು ಹಿಡಿದುಕೊಂಡು ಕೂತಿದ್ದಳು. ಕೈ ಹಿಡಿಯಲು ಜಾಗವಿರಲಿಲ್ಲ.

ದಾರಿಯಲ್ಲೇ ಅವಳು ಮನೆಗೆ ಫೋನ್ ಮಾಡಿದಳು. "ಅಪ್ಪಾ, ನನಗೇನೂ ಆಗಿಲ್ಲ. ಏಣಿ ಬಿದ್ದುಬಿಟ್ಲು. ಮಾತ್ರೆ ತಗೊಂಡಿದ್ಲು. ನಾನು ತಗೊಂಡಿಲ್ಲ. ಆಸ್ಪತ್ರೆಗೆ ಹೋಗ್ತಿದ್ದೀವಿ."

"ಯಾವ ಆಸ್ಪತ್ರೆ?" ಎಂದ ಅಪ್ಪ. "ಹೊರಟೆವು."

*

ಆಸ್ಪತ್ರೆಯ ಓಣಿಯಲ್ಲಿ ಗಡಿಬಿಡಿ ಬರಿಗಾಲಲ್ಲಿ ಕೂತಿದ್ದಳು. ಶೂ ಎಲ್ಲಿ ಹೋಯಿತೋ ನೆನಪಿಲ್ಲ. ಅಪ್ಪ ಬಂದು ಪಕ್ಕದಲ್ಲಿ ಕೂತ. ಬೈಯಲಿಲ್ಲ. ತನ್ನ ಚಪ್ಪಲಿ ಬಿಚ್ಚಿ ಅವಳ ಕಾಲ ಬಳಿ ಸರಿಸಿದ. ಅಮ್ಮ ಒದ್ದೆ ಕರವಸ್ತ್ರದಿಂದ ಅವಳ ಮುಖದ ಧೂಳು ಒರೆಸಿದಳು.

ಸ್ವಲ್ಪ ಹೊತ್ತಿಗೆ ಏಣಿಯ ಅಪ್ಪ ಮನೆಯಲ್ಲಿ ತೊಟ್ಟಿದ್ದ ಬನಿಯನ್ನಿನಲ್ಲೇ ಓಡಿ ಬಂದರು. ಜೊತೆಗೆ ಮೊಬೈಲ್ ಅಂಗಡಿಯ ಅಣ್ಣ. ವಿಷಯವನ್ನು ಅವನೇ ಹೇಳಿ ಕರೆತಂದಿದ್ದ, ಕಣ್ಣು ಅತ್ತು ಕೆಂಪಾಗಿದ್ದವು. ಆ ತಂದೆಗೆ ಭಯದಲ್ಲಿ ಯಾರ ಮೇಲೆ ಸಿಟ್ಟು ತೀರಿಸಬೇಕೋ ತಿಳಿಯಲಿಲ್ಲ. ಎದುರಿಗೆ ಕಂಡದ್ದು ಗಡಿಬಿಡಿ.

"ಎಲ್ಲ ನಿನ್ನಿಂದ! ಆ ಹಾಳು ಕುಣಿತಕ್ಕೆ ನನ್ನ ಮಗಳನ್ನ ಕರ್ಕೊಂಡು ಹೋದೋಳು ನೀನೇ ತಾನೇ?"

ಗಡಿಬಿಡಿ ತಲೆ ತಗ್ಗಿಸಿದಳು. ಅಪ್ಪ ಎದ್ದು ನಿಂತ. ಜನರ ಮುಂದೆ ಗಟ್ಟಿಯಾಗಿ ಮಾತಾಡುವವನಲ್ಲ ಅವನು. ಅಂದು ಇಡೀ ಓಣಿಗೆ ಕೇಳುವಂತೆ ಹೇಳಿದ:

"ಹೌದು ಸ್ವಾಮಿ, ಕರ್ಕೊಂಡು ಹೋದವಳು ಇವಳೇ. ವಾಪಸ್ ಕರ್ಕೊಂಡು ಬಂದವಳೂ ಇವಳೇ. ನಾನಾಗಿದ್ರೆ ಆ ಜಾಗದಲ್ಲಿ ಹೆದರಿಬಿಡ್ತಿದ್ದೆನೋ ಏನೋ. ನನ್ನ ಮಗಳು ಹೆದರ್ಕೊಂಡೇ ನಿಜ ಹೇಳಿದ್ಲು."

ಅಷ್ಟರಲ್ಲಿ ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದರು. "ಜ್ವರ ಇಳೀತಿದೆ. ಮಾತಾಡಿಸಿದ್ರೆ ಸರಿಯಾಗಿ ಉತ್ತರ ಕೊಡ್ತಿದ್ದಾಳೆ. ಮಾತ್ರೆ ವಿಷಯ ಹೇಳಿದ್ದು ಯಾರು?"

ಅಣ್ಣ ಗಡಿಬಿಡಿಯನ್ನು ತೋರಿಸಿದ.

"ಒಳ್ಳೆ ಕೆಲಸ ಮಾಡಿದೆಯಮ್ಮ. ಇನ್ನೊಂದು ಗಂಟೆ ಆ ಸೆಕೆಯ ಟೆಂಟಲ್ಲಿ ಮಲಗಿಸಿದ್ರೆ ಕೈ ಮೀರಿ ಹೋಗ್ತಿತ್ತು."

ಏಣಿಯ ಅಪ್ಪ ಗೋಡೆಗೆ ಒರಗಿದರು. ಆಮೇಲೆ ಬಂದು ಗಡಿಬಿಡಿಯ ತಲೆಯ ಮೇಲೆ ಕೈ ಇಟ್ಟರು. "ತಪ್ಪು ಮಾತಾಡಿಬಿಟ್ಟೆನಮ್ಮ" ಎಂದರು. "ಇರಲಿ ಬಿಡಿ ಅಂಕಲ್" ಎಂದಳು ಗಡಿಬಿಡಿ.

ಏಣಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ಮೂರು ವಾರ ಸುಸ್ತು ಬಿಡಲಿಲ್ಲ. ಈಗ ಅಂಗಡಿಗೆ ಬರುತ್ತಿದ್ದಾಳೆ, ಮೇಲಿನ ಕಪಾಟಿನ ಪೆಟ್ಟಿಗೆ ಇಳಿಸಿಕೊಡುತ್ತಿದ್ದಾಳೆ. ಅಂದು ತಗೊಂಡದ್ದರ ಬಗ್ಗೆ ಯಾರಾದರೂ ಕೇಳಿದರೆ ಮುಚ್ಚಿಡುವುದಿಲ್ಲ. "ನಿದ್ದೆ ಬಂದಾಗ ಮಲಗಬೇಕಿತ್ತು, ನಾನು ಮಾತ್ರೆ ನುಂಗಿದೆ" ಅನ್ನುತ್ತಾಳೆ. ಅಣ್ಣನ ಕಿವಿಯ ಗುಂಯ್‌ಗಾನ ಪೂರ್ತಿ ನಿಂತಿಲ್ಲ. ಅವನು ತನ್ನ ಅಂಗಡಿಯಲ್ಲಿ ಈಗ ಬಿರಡೆಗಳನ್ನೂ ಇಟ್ಟಿದ್ದಾನೆ.

ಇನ್ನು ಅಪ್ಪ. ಅವನ ಕಥೆ ಬೇರೆ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ಹೋದಾಗ, ಅವರಿಗೆ ಭಯವಾಗದಿರಲಿ ಎಂದು ಬಾಗಿಲಿನ ಈಚೆಯಿಂದ ಮಾತಾಡಿಸುತ್ತಿರುವುದು ಅವನ ಅಭ್ಯಾಸ. ಮೊದಲೆಲ್ಲ ಹವಾಮಾನದ ಬಗ್ಗೆ ಮಾತಾಡುತ್ತಿದ್ದ. ಈಗ ಮಗಳ ಕಥೆ ಹೇಳುತ್ತಾನೆ. ಬಾಗಿಲು ತೆರೆದ ಮೇಲೂ ಕಥೆ ಮುಗಿಯದಿದ್ದರೆ ಅವರನ್ನು ಬಿಡುವುದಿಲ್ಲ. "ಬಿಳಿ ಟವೆಲ್ ಬೀಸಿದ್ಲು ಸ್ವಾಮಿ, ಸಾವಿರಾರು ಜನದ ಮಧ್ಯೆ!" ಅನ್ನುವಾಗ ಅವನ ಎದೆ ಒಂದು ಗೇಣು ಮುಂದೆ ಬರುತ್ತದೆ.

ಕಳೆದ ತಿಂಗಳು ಅವನೇ ಮನೆ ಮನೆಗೆ ಹೋಗಿ ಕಟ್ಟಡದ ಹುಡುಗ ಹುಡುಗಿಯರನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕರೆದು ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕೂರಿಸಿದ. ಆಂಬ್ಯುಲೆನ್ಸ್ ಅಕ್ಕ ಮಾತಾಡಿದಳು. ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು, "ಇದೆಲ್ಲ ಯಾಕೆ? ಕಳಿಸದಿದ್ರೆ ಆಯ್ತಲ್ಲ!" ಎಂದ.

ಅಕ್ಕ ಉತ್ತರ ಕೊಡುವ ಮೊದಲೇ ಅಪ್ಪ ಎದ್ದ. "ನಾನೂ ಹಾಗೇ ಅಂದಿದ್ದೆ. ಅವತ್ತು ಕಳಿಸಲ್ಲ ಅಂದಿದ್ರೆ ನನ್ನ ಮಗಳು ಕದ್ದು ಹೋಗಿರೋಳು. ಕದ್ದು ಹೋಗಿದ್ರೆ ನಿಜ ಹೇಳೋ ಧೈರ್ಯ ಇರ್ತಿರಲಿಲ್ಲ, ಫೋನೂ ಮಾಡ್ತಿರಲಿಲ್ಲ. ಆ ಇನ್ನೊಂದು ಹುಡುಗಿ ಇವತ್ತು ಇರ್ತಿರಲಿಲ್ಲ. ಕೂತ್ಕೊಳ್ಳಿ, ಕೇಳಿ."

ಆ ತಂದೆ ಕೂತ. ಕೇಳಿದ. ಕೊನೆಗೆ ಎರಡು ಜೊತೆ ಬಿರಡೆ ಎಲ್ಲಿ ಸಿಗುತ್ತೆ ಎಂದೂ ವಿಚಾರಿಸಿದ.

ಓದುತ್ತಿರುವ ತಂಗಿ, ತಮ್ಮ, ನೀವೂ ಇಂಥ ಉತ್ಸವಕ್ಕೆ ಹೊರಟಿದ್ದೀರಾ? ಹೋಗಿ ಬನ್ನಿ, ಚೆನ್ನಾಗಿ ಕುಣಿಯಿರಿ. ಕಿವಿಗೆ ಬಿರಡೆ ಹಾಕಿಕೊಳ್ಳಿ, ಹೊಟ್ಟೆಗೆ ತಿನ್ನಿ, ಆಗಾಗ ನೆರಳಿಗೆ ಬನ್ನಿ, ಜೊತೆಯವರನ್ನು ಬಿಟ್ಟು ಹೋಗಬೇಡಿ. ಅಪರಿಚಿತರು ಕೊಟ್ಟದ್ದನ್ನು ನುಂಗಬೇಡಿ. ಯಾರಾದರೂ ಮೈ ಸುಡುತ್ತಾ ತಲೆಬುಡವಿಲ್ಲದೆ ಮಾತಾಡಿದರೆ ತಡ ಮಾಡದೆ ಸಹಾಯ ಕರೆಯಿರಿ, ಅವರ ಮೈ ತಣ್ಣಗೆ ಮಾಡಿ, ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಅಪ್ಪ ಅಮ್ಮಂದಿರೇ, ನಿಮಗೆ ಇರುವುದು ಒಂದೇ ಕೆಲಸ. ಮಕ್ಕಳು ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಹತ್ತಿರ ನಿಂತಾಗ ಈ ಮಾತನ್ನು ಬಾಯಿ ಬಿಟ್ಟು ಹೇಳಿ: "ಏನೇ ಆಗಲಿ, ಫೋನ್ ಮಾಡು. ಮೊದಲು ಬರ್ತೀವಿ. ಬೈಯೋದು ಆಮೇಲೆ."